ಬೇಲಿಯ ಹೊರಗಿನ ಕೊಕ್ಕೆ

"ಇದು ನಿನಗ ಬರಂಗಿಲ್ಲ ನೋಡು," ಎಂದು ಚಂದನಾ ಕಾರ್ಡನ್ನು ಎದೆಗೆ ಒತ್ತಿ ಹಿಡಿದಳು.

"ತೋರಿಸು ಮೊದಲು," ಎಂದಳು ಕೋಮಲಾ.

ಚಂದನಾ ಕಾರ್ಡ್ ತಿರುಗಿಸಿದಳು. ಅದರ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ P → ¬Q ಎಂದು ದೊಡ್ಡದಾಗಿ ಬರೆದಿತ್ತು. P ಅಂದರೆ ಮಳೆ ಬರುತ್ತದೆ, Q ಅಂದರೆ ನಾವು ಖೊಖೊ ಆಡುತ್ತೇವೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಕೋಮಲಾ ಕಣ್ಣು ಮಿಟುಕಿಸುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ.

"ಇಫ್ ಇಟ್ ರೇನ್ಸ್, ನೋ ಖೊಖೊ."

ಸುತ್ತ ಕುಳಿತಿದ್ದ ಮಕ್ಕಳು ನಕ್ಕರು. ಬಾಗಿಲಲ್ಲಿ ನಿಂತಿದ್ದ ಸುಕನ್ಯಾ ಟೀಚರ್ ಕೂಡ ನಕ್ಕು, ಸರಿ ಎನ್ನುವಂತೆ ತಲೆಯಾಡಿಸಿದರು.

ಹಗರಿಬೊಮ್ಮನಹಳ್ಳಿಯ ಆ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಈ ಆಟ ಬಂದದ್ದು ಹೀಗೆ. ಇಂಗ್ಲಿಷ್ ಸರ್‌ಗೆ ಬೇರೆ ಊರಿಗೆ ಟ್ರಾನ್ಸ್‌ಫರ್ ಆಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಗಣಿತ ಕಲಿಸುತ್ತಿದ್ದ ಸುಕನ್ಯಾ ಟೀಚರೇ ಇಂಗ್ಲಿಷ್ ಪೀರಿಯಡ್ಡನ್ನೂ ತೆಗೆದುಕೊಂಡರು. ಅವರಿಗೆ ಗಣಿತ ಬಿಟ್ಟಿರಲು ಆಗುತ್ತಿರಲಿಲ್ಲ. ಹಾಗಾಗಿ ಎರಡನ್ನೂ ಸೇರಿಸಿ ಈ ಕಾರ್ಡುಗಳನ್ನು ಮಾಡಿದರು.

ಒಂದೊಂದು ಅಕ್ಷರ ಒಂದೊಂದು ವಾಕ್ಯ. ಅಕ್ಷರಗಳ ನಡುವೆ ಚಿಹ್ನೆಗಳು. ಅವನ್ನು ನೋಡಿ ಇಂಗ್ಲಿಷಿನಲ್ಲಿ ಮಾತಾಡಿದ ಹಾಗೆ ಹೇಳಬೇಕು. ರೋಬೋಟ್ ಹೇಳಿದ ಹಾಗೆ ಇದ್ದರೆ ಟೀಚರ್ ಅರ್ಧ ಮಾರ್ಕ್ಸ್ ಕಡಿಮೆ ಮಾಡುತ್ತಿದ್ದರು.

ಚಿಹ್ನೆಗಳಿಗೆ ಮಕ್ಕಳೇ ಹೆಸರಿಟ್ಟಿದ್ದರು. ∧ ನೋಡಲು ಗುಡ್ಡದಂತಿತ್ತು. ಗುಡ್ಡ ಅಂದರೆ 'ಮತ್ತು'. ತಲೆಕೆಳಗಾದ ಗುಡ್ಡ ∨ ಹಳ್ಳವಾಯಿತು. ಹಳ್ಳ ಅಂದರೆ 'ಅಥವಾ'. → ಬಾಣ. ಬಾಣ ಬಂದರೆ 'ಹೀಗಾದರೆ ಹಾಗೆ'. ¬ ಎಂಬ ಸಣ್ಣ ಬಾಗಿದ ಗೆರೆ ಕೊಕ್ಕೆ. ಅದು ಹಿಡಿದದ್ದನ್ನೆಲ್ಲ 'ಇಲ್ಲ' ಮಾಡುತ್ತದೆ. ಕಂಸಗಳಿಗೆ ಬೇಲಿ ಎಂಬ ಹೆಸರು ಬಂತು.

ಎಲ್ಲರೂ ಮುಗ್ಗರಿಸುತ್ತಿದ್ದ ಕಾರ್ಡ್ ಒಂದಿತ್ತು: ¬(P ∧ Q). ಕೊಕ್ಕೆ ಬೇಲಿಯ ಹೊರಗೆ ನಿಂತಿದೆ. ಒಳಗೆ ಒಂದು ಜೋಡಿ ಇದೆ. ಕೊಕ್ಕೆ ಹಿಡಿಯುವುದು ಒಬ್ಬೊಬ್ಬರನ್ನಲ್ಲ, ಜೋಡಿಯನ್ನು. ಒಬ್ಬರು ಇರಬಹುದು, ಯಾರೂ ಇಲ್ಲದೆಯೂ ಇರಬಹುದು. ಇಬ್ಬರೂ ಒಟ್ಟಿಗೆ ಮಾತ್ರ ಇಲ್ಲ.

ಕ್ಲಾಸಿನಲ್ಲಿ ಅದು ಮೊದಲು ಹೊಳೆದದ್ದು ಕೋಮಲಾಗೆ. ಅಂದಿನಿಂದ ಅವಳು ಆ ಕಾರ್ಡನ್ನು ತನ್ನದೇ ಎನ್ನುವಂತೆ ನೋಡುತ್ತಿದ್ದಳು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕಿನ ಗಣಿತ ಟೀಚರುಗಳು ಸೇರಿ ಹಡಗಲಿಯಲ್ಲಿ ಇದರದ್ದೇ ಒಂದು ಸ್ಪರ್ಧೆ ಇಟ್ಟಿದ್ದರು. ಜೋಡಿಯಾಗಿ ಹೋಗಬೇಕು. ಯಾರನ್ನು ಕಳಿಸುವುದು ಎಂದು ಸುಕನ್ಯಾ ಟೀಚರ್ ಯೋಚಿಸುವ ಅಗತ್ಯವೇ ಬೀಳಲಿಲ್ಲ. ವಾಕ್ಯ ಕಟ್ಟುವುದರಲ್ಲಿ ಕೋಮಲಾ ಮುಂದು. ಸ್ಪೆಲ್ಲಿಂಗ್‌ನಲ್ಲಿ ಚಂದನಾಳನ್ನು ಮೀರಿಸುವವರು ಇರಲಿಲ್ಲ. ಇಬ್ಬರೂ ಒಂದೇ ಬೆಂಚು, ಜಡೆಯ ರಿಬ್ಬನ್ನಿಗೂ ಒಂದೇ ಬಣ್ಣ. ಒಬ್ಬಳು ಗೈರಾದರೆ ಇನ್ನೊಬ್ಬಳಿಗೂ ಜ್ವರ ಬಂದಿದೆಯೇನೋ ಎನ್ನುವಂತೆ ಟೀಚರುಗಳು ಕೇಳುತ್ತಿದ್ದರು.

ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕೋಮಲಾಳ ಮನೆಯಲ್ಲಿ ಪ್ರಾಕ್ಟೀಸ್ ಎಂದು ಮಾತಾಗಿತ್ತು. ಚಂದನಾ ತನ್ನ ತಂಗಿ ಅಮೃತಾಳನ್ನೂ ಕರೆದುಕೊಂಡು ಬರಬೇಕಿತ್ತು. ಅಮೃತಾ ಮೂರನೇ ಕ್ಲಾಸು. ಆದರೆ ಅವಳ ಡ್ರಾಯಿಂಗ್ ಮುಗಿದಿರಲಿಲ್ಲ. ಅವರ ಟೀಚರ್ ಇನ್ನೂ ಕ್ಲಾಸಿನಲ್ಲೇ ಇದ್ದರು. ಗೆಳತಿಯರ ಜೊತೆ ಆಮೇಲೆ ಬರುತ್ತೇನೆ ಎಂದಳು. ಚಂದನಾ ಒಬ್ಬಳೇ ಬಂದಳು.

ಕೋಮಲಾಳ ಅವ್ವ ಗಿಡ್ಡಮ್ಮ ಅಂಗನವಾಡಿ ಟೀಚರು. ಆಗಷ್ಟೇ ಮನೆಗೆ ಬಂದು ಹಿತ್ತಲಿನಲ್ಲಿ ನಳದ ನೀರು ಹಿಡಿಯುತ್ತಿದ್ದರು. ಚಂದನಾ ನೀರು ಕುಡಿಯಲು ಅಡುಗೆಮನೆಗೆ ಹೋದಳು. ಹೊರಗಿನ ಕೋಣೆಯಲ್ಲಿ ಅವ್ವನ ಫೋನು ಹೊಡೆದುಕೊಂಡಿತು.

ಕೋಮಲಾ ಎತ್ತಿದಳು. ಚಂದನಾಳ ಅಜ್ಜ ಬೆನಕಪ್ಪ. ಅವರದ್ದು ಸಂತೆಯ ದಾರಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಮೊಮ್ಮಕ್ಕಳು ಎಲ್ಲಿಗೆ ಹೋದರೂ ಮುಟ್ಟಿದರೋ ಇಲ್ಲವೋ ಎಂದು ಫೋನು ಮಾಡದೆ ಅವರಿಗೆ ಸಮಾಧಾನವಿಲ್ಲ.

"ಚಂದನಾ, ಅಮೃತಾ ಬಂದಾರೇನವ್ವಾ?" ಎಂದು ಅಜ್ಜ ಕೇಳಿದರು.

ಕೋಮಲಾಳ ತೊಡೆಯ ಮೇಲೆ ಕಾರ್ಡುಗಳ ಕಟ್ಟಿತ್ತು. ಮೇಲಿನದೇ ಅವಳ ಮೆಚ್ಚಿನ ಕಾರ್ಡು. ಅವಳಿಗೆ ಒಳಗೊಳಗೇ ಖುಷಿಯಾಯಿತು. ಚಂದನಾ ಬಂದಿದ್ದಾಳೆ, ಅದು P. ಅಮೃತಾ ಬಂದಿದ್ದಾಳೆ, ಅದು Q. ಒಬ್ಬಳು ಇದ್ದಾಳೆ, ಒಬ್ಬಳು ಇಲ್ಲ. ಜೋಡಿ ಇಲ್ಲ. ನಿಜವಾದ ಮನುಷ್ಯರ ಮೇಲೆ ಬೇಲಿಯ ಹೊರಗಿನ ಕೊಕ್ಕೆ ಹೀಗೆ ತಾನಾಗಿ ಬಂದು ಕೂರುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

"ಇಬ್ರೂ ಬಂದಿಲ್ರಿ ಅಜ್ಜಾ," ಎಂದಳು.

ಆ ಕಡೆ ಸ್ಟೂಲು ಸರಿದ ಸದ್ದು ಕೇಳಿತು. ಆಮೇಲೆ ಫೋನು ಕಟ್ಟಾಯಿತು.

ಚಂದನಾ ಬಾಯಿ ಒರೆಸಿಕೊಳ್ಳುತ್ತ ಬಂದು, ಯಾರ ಫೋನು ಎಂದು ಕೇಳಿದಳು. ನಿಮ್ಮಜ್ಜ, ನೀವು ಬಂದೀರೋ ಇಲ್ಲೋ ಅಂತ ಕೇಳಿದರು, ಹೇಳಿದೆ ಎಂದಳು ಕೋಮಲಾ. ಸುಳ್ಳಂತೂ ಅಲ್ಲ. ಇಬ್ಬರೂ ಕಾರ್ಡು ಹಿಡಿದು ಕುಳಿತರು.

ಸ್ವಲ್ಪ ಹೊತ್ತಿಗೆ ಅಮೃತಾ ಬಂದಳು. ಅಂಗೈಯೆಲ್ಲ ಹಸಿರು ಬಣ್ಣ. ಗೆಳತಿಯರ ಜೊತೆ ರೈಲ್ವೆ ಹಳಿಯ ಕೆಳಗಿನ ಅಂಡರ್‌ಪಾಸ್ ಹಾದು ಬಂದಿದ್ದಳು. ಗಿಡ್ಡಮ್ಮ ಮಂಡಕ್ಕಿ ಕಲಸಿ ತಟ್ಟೆಗೆ ಹಾಕಿಕೊಟ್ಟರು. ಮೂವರೂ ತಿನ್ನುತ್ತಿರುವಾಗ ಬಾಗಿಲ ಮುಂದೆ ಆಟೊ ಬಂದು ನಿಂತಿತು.

ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ತಿಪ್ಪೇಶನ ಆಟೊ. ಅದರಿಂದ ಅಜ್ಜ ಇಳಿದರು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಹೆಬ್ಬೆರಳು ಒಡೆದು ರಕ್ತ ಬಂದಿತ್ತು. ಧೋತರದ ಅಂಚಿಗೆ ಮುಳ್ಳು ಮೆತ್ತಿತ್ತು. ಹೆಗಲ ಮೇಲೆ ಯಾವಾಗಲೂ ಇರುವ ಟವೆಲ್ ಇರಲಿಲ್ಲ.

ಅವರು ಹೊಸ್ತಿಲಲ್ಲಿ ನಿಂತು ಚಂದನಾಳನ್ನು ನೋಡಿದರು. ಅಮೃತಾಳನ್ನು ನೋಡಿದರು. ಆಮೇಲೆ ಅಲ್ಲೇ ಗೋಡೆಗೆ ಒರಗಿ ಕುಳಿತುಬಿಟ್ಟರು.

ನಡೆದದ್ದನ್ನು ಗಿಡ್ಡಮ್ಮನಿಗೆ ಹೇಳಿದವನು ತಿಪ್ಪೇಶ. ಅಜ್ಜ ಅಂಗಡಿಯನ್ನು ತೆರೆದದ್ದು ತೆರೆದಂತೆಯೇ ಬಿಟ್ಟು ಶಾಲೆಗೆ ಓಡಿದ್ದರು. ಶಾಲೆಗೆ ಬೀಗ ಬಿದ್ದಿತ್ತು. ಅಲ್ಲಿಂದ, ಶಾಲೆಗೂ ಈ ಓಣಿಗೂ ನಡುವಿನ ರೈಲ್ವೆ ಗೇಟಿಗೆ ಬಂದರು. ಗೇಟು ಹಾಕಿತ್ತು, ರೈಲು ಬರುವ ಹೊತ್ತು. ಮಕ್ಕಳು ಹಳಿ ದಾಟಲು ಹೋದರೇನೋ ಎಂಬ ಭಯದಲ್ಲಿ ಹಳಿಯ ಪಕ್ಕದಲ್ಲೇ ಹೆಸರು ಕೂಗುತ್ತ ನಡೆದರು. ಜಲ್ಲಿ ಕಲ್ಲಿನಲ್ಲಿ ಕಾಲು ಸಿಕ್ಕಿ ಬಿದ್ದರು. ಫೋನು ಅಂಗಡಿಯ ಗಲ್ಲೆಯ ಮೇಲೇ ಉಳಿದಿತ್ತು. ಗೇಟಿನ ಹತ್ತಿರ ಆಟೊ ನಿಲ್ಲಿಸಿದ್ದ ತಿಪ್ಪೇಶ ಅವರನ್ನು ಎಬ್ಬಿಸಿ ಕೂರಿಸಿಕೊಂಡು, ಆ ಹುಡುಗಿಯ ಮನೆಗೇ ಹೋಗಿ ಇನ್ನೊಮ್ಮೆ ಕೇಳೋಣ ಎಂದು ಕರೆತಂದಿದ್ದ.

ಗಿಡ್ಡಮ್ಮ ನೀರು ತಂದರು. ಅಜ್ಜ ಗಟಗಟ ಕುಡಿಯುವಾಗ ಅರ್ಧ ನೀರು ಎದೆಯ ಮೇಲೆ ಚೆಲ್ಲಿತು.

"ಇಬ್ರೂ ಬಂದಿಲ್ಲ ಅಂದಿದ್ದಿಯಲ್ಲವ್ವಾ," ಎಂದರು. ಬೈಯುವ ದನಿಯಲ್ಲ. ತಮ್ಮ ಕಿವಿಯ ಮೇಲೆಯೇ ಅನುಮಾನ ಬಂದವರ ದನಿ.

ಕೋಮಲಾ ಸುತ್ತ ನೋಡಿದಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ತಾನೇನು ಸುಳ್ಳು ಹೇಳಿದ್ದೇನೆಯೇ?

"ಹೌದ್ರಿ ಅಜ್ಜಾ. ಇಬ್ರೂ ಬಂದಿದ್ದಿಲ್ಲ. ಚಂದನಾ ಒಬ್ಬಾಕೆ ಬಂದಿದ್ಲು. ನಾ ಹೇಳಿದ್ದು ಕರೆಕ್ಟ್ ಐತಿ. ಬೇಕಂದ್ರ ಇಲ್ಲಿ ನೋಡ್ರಿ," ಎಂದು ಕಾರ್ಡನ್ನು ಅವರ ಮುಂದೆ ಹಿಡಿದಳು.

ಅಜ್ಜ ಕಾರ್ಡನ್ನು ನೋಡಿದರು. ಗುಡ್ಡ, ಬೇಲಿ, ಕೊಕ್ಕೆ. ಗಿಡ್ಡಮ್ಮ ಅವರ ಹೆಬ್ಬೆರಳಿಗೆ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದರು.

ಚಂದನಾ ಎದ್ದು ತಂಗಿಯ ಕೈ ಹಿಡಿದಳು. ಇನ್ನೊಂದು ಕೈಯಿಂದ ಅಜ್ಜನ ತೋಳು ಹಿಡಿದಳು. ಕೋಮಲಾಳ ಕಡೆ ತಿರುಗಿ ನೋಡದೆ ಆಟೊ ಹತ್ತಿದಳು.

ಆಟೊ ಹೋದ ಮೇಲೆ ಕೋಮಲಾ ಅವ್ವ ಬೈಯುತ್ತಾಳೆಂದು ಕಾದಳು. ಬೈದರೆ ಕೊಡಬೇಕಾದ ಉತ್ತರವೂ ತಯಾರಿತ್ತು. ಆದರೆ ಅವ್ವ ಮಂಡಕ್ಕಿಯ ತಟ್ಟೆಗಳನ್ನು ಎತ್ತಿಕೊಂಡು, ಕಾರ್ಡು ತೆಗೆದಿಡು ಎಂದಷ್ಟೇ ಹೇಳಿ ಒಳಗೆ ಹೋದರು.

ಸೋಮವಾರ ಚಂದನಾ ಬೇರೆ ಬೆಂಚಿನಲ್ಲಿ ಕುಳಿತಿದ್ದಳು.

ಕೋಮಲಾ ಅದಕ್ಕೆಲ್ಲ ಜಗ್ಗುವವಳಲ್ಲ. ಊಟದ ಹೊತ್ತಿಗೆ ಕ್ಲಾಸಿನ ಮೌನೇಶನನ್ನು ಹಿಡಿದು ಕೂರಿಸಿದಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ P, Q ಎಂದು ಎರಡು ಕಾಲಮ್ ಹಾಕಿದಳು. ಒಂದು ಸರಿ, ಒಂದು ತಪ್ಪು ಆದರೆ ಜೋಡಿ ತಪ್ಪು. ಜೋಡಿ ತಪ್ಪಾದರೆ ಕೊಕ್ಕೆ ಹಾಕಿದ ಮೇಲೆ ಸರಿ. ಅಂದಮೇಲೆ ತಾನು ಫೋನಿನಲ್ಲಿ ಹೇಳಿದ್ದು ಸರಿ. ಎಲ್ಲಿಯೂ ಒಂದು ಎಳೆ ತಪ್ಪಿಲ್ಲ.

ಮೌನೇಶ ಕಾಲಮ್ಮುಗಳನ್ನು ನೋಡಿದ. ಅವನಿಗೆ ಎಲ್ಲವೂ ಅರ್ಥವಾಯಿತು. ಕೊನೆಗೆ ತಲೆ ಕೆರೆದುಕೊಂಡು, "ಅಜ್ಜ ಈಗ ಹೆಂಗದಾರ?" ಎಂದ.

ಕೋಮಲಾಳಿಗೆ ಗೊತ್ತಿರಲಿಲ್ಲ. ಅವಳು ಕೇಳಿರಲೇ ಇಲ್ಲ.

ಅಂದು ಸಂಜೆ ಅವಳು ಬೇಕೆಂದೇ ಸಂತೆಯ ದಾರಿಯಲ್ಲಿ ಮನೆಗೆ ಹೊರಟಳು. ಅಂಗಡಿಯಲ್ಲಿ ಅಜ್ಜ ಗೊಬ್ಬರದ ಚೀಲಗಳ ನಡುವೆ ಸ್ಟೂಲಿನ ಮೇಲೆ ಕುಳಿತಿದ್ದರು. ಕಟ್ಟು ಕಟ್ಟಿದ ಕಾಲನ್ನು ಇನ್ನೊಂದು ಚೀಲದ ಮೇಲೆ ಚಾಚಿದ್ದರು. ಅವಳನ್ನು ಕಂಡು ಕೈಯೆತ್ತಿ, "ಬಾರವ್ವಾ" ಎಂದರು.

ಒಳಗೆ ಹೋಗಿ ಏನು ಹೇಳಬೇಕೆಂದು ಕೋಮಲಾಳಿಗೆ ತೋಚಲಿಲ್ಲ. ತಪ್ಪಾಯಿತು ಎಂದರೆ ತಪ್ಪು ಮಾಡಿದಂತಾಗುತ್ತದೆ. ತಾನು ಸರಿ ಎಂದರೆ ಆ ಕಟ್ಟು ಕಟ್ಟಿದ ಕಾಲಿನ ಮುಂದೆ ನಿಂತು ಹೇಳಬೇಕು. ಕೇಳಿಸಲಿಲ್ಲವೆಂಬಂತೆ ಅವಳು ಬೇಗ ಬೇಗ ನಡೆದುಬಿಟ್ಟಳು.

ಆ ವಾರವೆಲ್ಲ ಸುಕನ್ಯಾ ಟೀಚರ್ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಪ್ರಾಕ್ಟೀಸ್ ಮಾಡಿಸಿದರು. ಇಬ್ಬರ ನಡುವೆ ಏನೋ ಆಗಿದೆ ಎಂದು ಅವರಿಗೆ ತಿಳಿದಿತ್ತು. ಕೇಳಲಿಲ್ಲ. ಕೋಮಲಾ ವಾಕ್ಯ ಬರೆದು ಸ್ಲೇಟನ್ನು ತಳ್ಳುವಳು. ಚಂದನಾ ಸ್ಪೆಲ್ಲಿಂಗ್ ತಿದ್ದಿ ಹಿಂದಕ್ಕೆ ತಳ್ಳುವಳು. ಮಾತಿಲ್ಲ. ವಿಚಿತ್ರವೆಂದರೆ ಒಂದೂ ಉತ್ತರ ತಪ್ಪಲಿಲ್ಲ.

ಸ್ಪರ್ಧೆಯ ದಿನ ಹಡಗಲಿಯ ಆ ಶಾಲೆಯ ಹಾಲ್‌ನಲ್ಲಿ ಮಲ್ಲಿಗೆಯ ವಾಸನೆ ತುಂಬಿತ್ತು. ಆ ಊರಿನ ಹುಡುಗಿಯರೆಲ್ಲ ಮೊಳಗಟ್ಟಲೆ ಹೂ ಮುಡಿದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಪ್ರಶ್ನೆ ಕೇಳುವವರು ಗುರುಬಸವರಾಜ ಸರ್, ಹರಪನಹಳ್ಳಿ ಕಡೆಯ ಕಾಲೇಜಿನಲ್ಲಿ ಗಣಿತ ಕಲಿಸುವವರು. ದಪ್ಪ ಮೀಸೆ, ಮೆತ್ತಗಿನ ಮಾತು. ಟೀಚರುಗಳು ಹಿಂದೆ ಕೂರಬೇಕು, ಬಾಯಿ ತೆರೆಯುವಂತಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಸುಕನ್ಯಾ ಟೀಚರ್ ತುಟಿಯ ಮೇಲೆ ಬೆರಳಿಟ್ಟುಕೊಂಡು ಹಿಂದಿನ ಬೆಂಚಿಗೆ ಹೋದರು.

ಮೊದಲ ಸುತ್ತು ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ ಕೂಡ್ಲಿಗಿಯವರೂ ಕೊಟ್ಟೂರಿನವರೂ ಹಿಂದೆ ಬಿದ್ದರು. ಮೂರನೆಯದರಲ್ಲಿ ಹಡಗಲಿಯ ಜೋಡಿ ಬಾಣವನ್ನು ಉಲ್ಟಾ ಓದಿತು. ಕೊನೆಗೆ ಉಳಿದವರು ಹರಪನಹಳ್ಳಿಯ ಇಬ್ಬರು ಹುಡುಗರು, ಮತ್ತು ಕೋಮಲಾ, ಚಂದನಾ. ಅಂಕಗಳು ಸಮ.

"ಇದು ಕೊನೆಯದು," ಎಂದು ಗುರುಬಸವರಾಜ ಸರ್ ಬೋರ್ಡಿನ ಮೇಲೆ ಬರೆದರು. P ಅಂದರೆ ನಾಯಿ ಮನೆಯೊಳಗಿದೆ. Q ಅಂದರೆ ಬೆಕ್ಕು ಮನೆಯೊಳಗಿದೆ. ಆಮೇಲೆ, ¬(P ∧ Q).

ಕೋಮಲಾ ಸ್ಲೇಟನ್ನು ತನ್ನ ಕಡೆ ಎಳೆದುಕೊಂಡಳು. ಅವಳದೇ ಕಾರ್ಡು. ಯೋಚಿಸುವುದೇ ಬೇಡ. ಸೀಮೆಸುಣ್ಣ ಹಿಡಿದು 'ಬೋತ್' ಎಂದು ಬರೆದೂಬಿಟ್ಟಳು. 'ಬೋತ್ ದ ಡಾಗ್ ಅಂಡ್ ದ ಕ್ಯಾಟ್ ಆರ್ ನಾಟ್ ಇನ್.' ನಾಯಿ, ಬೆಕ್ಕು ಎರಡೂ ಒಳಗಿಲ್ಲ. ಇಷ್ಟೇ ತಾನೆ?

ಬರೆಯುತ್ತಿದ್ದ ಕೈ ನಿಂತಿತು.

ಎರಡೂ ಒಳಗಿಲ್ಲ. ಇಬ್ಬರೂ ಬಂದಿಲ್ಲ. ಚಿಹ್ನೆ ಗೊತ್ತಿದ್ದವರು ಒಂದು ಓದುತ್ತಾರೆ. ಗೊತ್ತಿಲ್ಲದವರು? ಅವರು ಇಡೀ ಮನೆ ಖಾಲಿ ಎಂದುಕೊಂಡು ಬೀದಿಗೆ ಇಳಿಯುತ್ತಾರೆ. ರೈಲ್ವೆ ಗೇಟಿನವರೆಗೆ ಓಡುತ್ತಾರೆ.

ಕೋಮಲಾ ಅಂಗೈಯಿಂದ ಸ್ಲೇಟನ್ನು ಒರೆಸಿದಳು. ಪಕ್ಕದಲ್ಲಿ ಚಂದನಾ ಅವಳ ಕೈಯನ್ನೇ ನೋಡುತ್ತಿದ್ದಳು. ಕೋಮಲಾ ಹೊಸದಾಗಿ ಬರೆದು ಸ್ಲೇಟನ್ನು ತಳ್ಳಿದಳು. 'ದ ಡಾಗ್ ಅಂಡ್ ದ ಕ್ಯಾಟ್ ಆರ್ ನಾಟ್ ಇನ್ ಟುಗೆದರ್. ಮೇಬಿ ಒನ್, ಮೇಬಿ ನನ್.' ನಾಯಿ, ಬೆಕ್ಕು ಒಟ್ಟಿಗೆ ಒಳಗಿಲ್ಲ. ಒಂದು ಇದ್ದರೂ ಇರಬಹುದು, ಒಂದೂ ಇಲ್ಲದೆಯೂ ಇರಬಹುದು. ಚಂದನಾ ಒಂದು ಪದವನ್ನು ಒರೆಸಿ ತಿದ್ದಿದಳು. ಸ್ಲೇಟನ್ನು ಎತ್ತಿ ಹಿಡಿದಳು.

ಹರಪನಹಳ್ಳಿಯ ಹುಡುಗರ ಸ್ಲೇಟಿನಲ್ಲಿ, ಕೋಮಲಾ ಒರೆಸಿಹಾಕಿದ್ದ ವಾಕ್ಯವೇ ಇತ್ತು.

ಗುರುಬಸವರಾಜ ಸರ್ ಕೈಯಲ್ಲಿದ್ದ ಹಾಳೆ ನೋಡಿದರು. ಹಾಳೆಯಲ್ಲಿಯೂ ಹುಡುಗರು ಬರೆದ ವಾಕ್ಯವೇ ಉತ್ತರವೆಂದಿತ್ತು. ಹಗರಿಬೊಮ್ಮನಹಳ್ಳಿಯವರು ಉತ್ತರವನ್ನು ಸುಮ್ಮನೆ ಉದ್ದ ಮಾಡಿದ್ದಾರೆ, ಕೇಳದ್ದನ್ನೂ ಸೇರಿಸಿದ್ದಾರೆ ಎಂದು ಹೇಳಿ ಅಂಕವನ್ನು ಹರಪನಹಳ್ಳಿಗೆ ಕೊಟ್ಟರು. ಆ ಹುಡುಗರ ಕಡೆಯವರು ಚಪ್ಪಾಳೆ ತಟ್ಟಿದರು.

ಕೋಮಲಾ ಎದ್ದು ನಿಂತಳು.

"ಸರ್, ಒಂದು ಮಾತು ಕೇಳ್ಲೇನ್ರಿ?"

ಚಪ್ಪಾಳೆ ನಿಂತಿತು. ಕೇಳಮ್ಮ ಎಂದರು ಸರ್.

ಹುಡುಗರ ವಾಕ್ಯವನ್ನು ಹಾಲ್‌ನಲ್ಲಿದ್ದವರಿಗೆಲ್ಲ ಕನ್ನಡದಲ್ಲಿ ಓದಿ ಹೇಳಬೇಕು, ಬೋರ್ಡಿನ ಮೇಲಿನ ಚಿಹ್ನೆಯನ್ನು ಒರೆಸಿಬಿಡಬೇಕು ಎಂದು ಕೋಮಲಾ ಕೇಳಿಕೊಂಡಳು. ಸರ್‌ಗೆ ಕುತೂಹಲವಾಯಿತು. ಚಿಹ್ನೆಯನ್ನು ಒರೆಸಿದರು. ಸ್ಪರ್ಧೆಯ ಮಕ್ಕಳನ್ನು ಬಿಟ್ಟು ಉಳಿದವರ ಕಡೆ ತಿರುಗಿ, ನಾಯಿ ಬೆಕ್ಕು ಎರಡೂ ಮನೆಯೊಳಗಿಲ್ಲ ಎಂದರು.

"ಈಗ ಹೇಳ್ರಿ. ಮನಿಯೊಳಗ ಒಂದಾರ ಇರಬಹುದು ಅನ್ನೋರು ಕೈ ಎತ್ರಿ," ಎಂದಳು ಕೋಮಲಾ.

ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಅಕ್ಕಪಕ್ಕ ನೋಡಿ ಅದೂ ಕೆಳಗಿಳಿಯಿತು.

"ಮನಿ ಖಾಲಿ ಐತಿ ಅನ್ನೋರು?"

ಮಲ್ಲಿಗೆ ಮುಡಿದ ಸಾಲೆಲ್ಲ ಕೈ ಎತ್ತಿತು. ಹಿಂದಿನ ಸಾಲುಗಳೂ ಎತ್ತಿದವು. ಬಾಗಿಲಲ್ಲಿ ಚಹಾ ಕೆಟಲ್ ಹಿಡಿದು ನಿಂತಿದ್ದ ಆಯಾ ಕೂಡ ಎತ್ತಿದರು.

ಗುರುಬಸವರಾಜ ಸರ್ ಕೈಯಲ್ಲಿನ ಹಾಳೆಯನ್ನು ಮತ್ತೆ ಓದಿದರು, ಈ ಸಲ ನಿಧಾನವಾಗಿ. ಇಂಗ್ಲಿಷಿನಲ್ಲಿಯೂ ಹಾಗೇ ಕೇಳಿಸುತ್ತದೆ ಎಂದು ಒಪ್ಪಿದರು. ಚಿಹ್ನೆಯನ್ನು ಮೊದಲೇ ನೋಡಿದ್ದರಿಂದ ತಮಗೆ ಇನ್ನೊಂದು ಅರ್ಥ ಹೊಳೆಯಲೇ ಇಲ್ಲ ಎಂದರು. ಆಮೇಲೆ ಕೋಮಲಾಳನ್ನು ನೋಡಿ, ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದರು.

ಪುಸ್ತಕದಲ್ಲಿ ಓದಿದೆ ಎನ್ನಬಹುದಿತ್ತು. ಟೀಚರ್ ಹೇಳಿಕೊಟ್ಟರು ಎಂದರೂ ನಡೆಯುತ್ತಿತ್ತು. ಪಕ್ಕದಲ್ಲಿ ಚಂದನಾ ಸ್ಲೇಟಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕುಳಿತಿದ್ದಳು.

"ನಾ ಒಬ್ರು ಅಜ್ಜಗ ಹಿಂಗ ಹೇಳಿದ್ದೆ ಸರ್," ಎಂದಳು ಕೋಮಲಾ. "ಮೊಮ್ಮಕ್ಕಳು ಬಂದಾರೇನು ಅಂತ ಕೇಳಿದ್ರು. ಒಬ್ಬಾಕೆ ಬಂದಿದ್ಲು. ನಾ ಇಬ್ರೂ ಬಂದಿಲ್ಲ ಅಂದೆ. ಅವರು ರೈಲ್ವೆ ಗೇಟ್ ಮಟ ಓಡಿ ಹೋಗಿ ಬಿದ್ರು. ಕಾಲಿಗೆ ಪೆಟ್ಟಾತು." ಅವಳು ಚಂದನಾಳ ಕಡೆ ನೋಡಿದಳು. "ಆಮೇಲೂ ನಾ ಹೇಳಿದ್ದ ಕರೆಕ್ಟ್ ಅಂತ ಅವರಿಗೇ ಕಾರ್ಡ್ ತೋರಿಸಿದೆ. ಅದು ಕರೆಕ್ಟ್ ಇದ್ದಿದ್ದಿಲ್ಲ ಸರ್."

ಉಗುರಿನ ಸದ್ದು ನಿಂತಿತು.

ಗುರುಬಸವರಾಜ ಸರ್ ತಮ್ಮ ಹಾಳೆಯಲ್ಲಿದ್ದ ಉತ್ತರವನ್ನು ಪೆನ್ನಿನಿಂದ ಹೊಡೆದುಹಾಕಿದರು. ಈ ಪ್ರಶ್ನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇನ್ನೊಂದು ಕೊಡುತ್ತೇನೆ ಎಂದರು. ಹರಪನಹಳ್ಳಿಯ ಹುಡುಗರು ಮುಖ ಸಣ್ಣದು ಮಾಡಿದರೂ ಮತ್ತೆ ಸ್ಲೇಟು ಹಿಡಿದರು. ಹೊಸ ಪ್ರಶ್ನೆಯಲ್ಲಿ ಎರಡೂ ಕಡೆಯವರು ಸರಿ ಬರೆದರು. ಆದರೆ ಹುಡುಗರ ಸ್ಲೇಟು ಒಂದು ಉಸಿರಿನಷ್ಟು ಮೊದಲು ಮೇಲೆದ್ದಿತು. ಮೊದಲ ಬಹುಮಾನದ ಕಪ್ ಹರಪನಹಳ್ಳಿಗೆ ಹೋಯಿತು. ಕೋಮಲಾ, ಚಂದನಾಗೆ ಎರಡನೇ ಬಹುಮಾನ, ಒಂದೊಂದು ಜಿಯೊಮೆಟ್ರಿ ಬಾಕ್ಸ್.

ಊಟಕ್ಕೆ ಸಾಲು ನಿಂತಾಗ ಚಂದನಾ ಕೋಮಲಾಳ ಹಿಂದೆಯೇ ಇದ್ದಳು. ಸಾಲು ಮೆಲ್ಲಗೆ ಸರಿಯುತ್ತಿತ್ತು.

"ಮೇಬಿ ನನ್ ಅಂತ ಬರದಿದ್ದಿಯಲ್ಲ, ಅದಕ್ಕ ಎನ್-ಯು-ಎನ್ ಹಾಕಿದ್ದಿ," ಎಂದಳು ಚಂದನಾ. ಅಷ್ಟು ದಿನಗಳಲ್ಲಿ ಅದೇ ಅವಳ ಮೊದಲ ಮಾತು. "ಎನ್-ಓ-ಎನ್-ಇ ಅದು. ನಾ ತಿದ್ದಲಿಲ್ಲಂದ್ರ ನಾಯಿ, ಬೆಕ್ಕಿನ ಮನ್ಯಾಗ ಚರ್ಚಿನ ಸಿಸ್ಟರ್ ಬಂದು ಕುಂದ್ರತಿದ್ರು."

ಕೋಮಲಾಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಇಬ್ಬರೂ ಎಷ್ಟು ನಕ್ಕರೆಂದರೆ ಚಿತ್ರಾನ್ನ ಬಡಿಸುವವರು ಸೌಟು ಹಿಡಿದು ನಿಂತೇ ಇದ್ದರು.

ನಗು ನಿಂತ ಮೇಲೆ ಕೋಮಲಾ, ಅಜ್ಜ ಹೇಗಿದ್ದಾರೆ ಎಂದು ಕೇಳಿದಳು. ಕಟ್ಟು ಬಿಚ್ಚಿದ್ದಾರೆ, ಇನ್ನೂ ಚಪ್ಪಲಿ ಹಾಕಲು ಆಗುವುದಿಲ್ಲ ಎಂದಳು ಚಂದನಾ. ಸಂಜೆ ಅಂಗಡಿಯಲ್ಲಿಯೇ ಇರುತ್ತಾರೆ. ಹಾಗಾದರೆ ಬಸ್ಸಿಳಿದು ಮನೆಗೆ ಹೋಗುವುದಕ್ಕಿಂತ ಮೊದಲು ಅಂಗಡಿಗೇ ಬರುತ್ತೇನೆ ಎಂದಳು ಕೋಮಲಾ. ಏನು ಹೇಳಬೇಕೆಂದು ಈಗ ಅವಳಿಗೆ ಗೊತ್ತಿತ್ತು. ಅದಕ್ಕೆ ಕಾರ್ಡು ಬೇಕಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಹಗರಿಬೊಮ್ಮನಹಳ್ಳಿಯ ಬಸ್ಸು ನಿಂತಿತ್ತು. ಹೊರಡಲು ಇನ್ನೂ ಹೊತ್ತಿತ್ತು. ಮೂವರೂ ಹತ್ತಿ ಮುಂದೆಯೇ ಕುಳಿತರು. ಕೋಮಲಾಳಿಗೆ ಕಿಟಕಿಯ ಸೀಟು ಸಿಕ್ಕಿತು. ಸುಕನ್ಯಾ ಟೀಚರ್ ಕುಳಿತ ಕೂಡಲೇ ಕಣ್ಣು ಮುಚ್ಚಿದರು.

ಬಸ್ಸಿನ ಬಾಗಿಲ ಹತ್ತಿರ ಒಬ್ಬ ಮುದುಕಿ ಬಂದು ನಿಂತಳು. ತಲೆಯ ಮೇಲೆ ಗಂಟು, ಕೈಯಲ್ಲಿ ಎರಡು ಚೀಲ. ಬೋರ್ಡನ್ನು ನೋಡಿದಳು, ಓದಲು ಬರಲಿಲ್ಲವೇನೋ, ಒಳಗೆ ಕುಳಿತವರ ಕಡೆ ಮುಖ ಎತ್ತಿದಳು.

"ಯಪ್ಪಾ, ಈ ಬಸ್ಸು ಕೊಟ್ಟೂರಿಗೆ ಹೋಗಂಗಿಲ್ಲೇನು?"

ಬಾಗಿಲ ಪಕ್ಕದ ಸೀಟಿನವನು ಶೇಂಗಾ ಸುಲಿಯುತ್ತಿದ್ದ. ತಲೆ ಎತ್ತದೆಯೇ, "ಹೂಂ" ಎಂದ.

ಮುದುಕಿಯ ಮುಖ ಅರಳಿತು. ಚೀಲವನ್ನು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು ಒಂದು ಕಾಲು ಎತ್ತಿಟ್ಟಳು. ಶೇಂಗಾದವನು ಅದನ್ನು ನೋಡಲೇ ಇಲ್ಲ. ಅವನ ಲೆಕ್ಕದಲ್ಲಿ ಅವನು ಸರಿಯಾಗಿಯೇ ಹೇಳಿದ್ದ. ಹೂಂ, ಹೋಗುವುದಿಲ್ಲ.

ಕೋಮಲಾ ಸೀಟಿನಿಂದ ಎದ್ದು ಬಾಗಿಲಿಗೆ ಹೋದಳು.

"ಅಜ್ಜಿ, ಇದು ಕೊಟ್ಟೂರಿಗೆ ಹೋಗಂಗಿಲ್ಲ," ಎಂದಳು. "ಇದು ಹಗರಿಬೊಮ್ಮನಹಳ್ಳಿ ಬಸ್ಸು. ಕೊಟ್ಟೂರು ಬಸ್ಸು ಅಲ್ಲಿ, ಆ ಹಣ್ಣಿನ ಗಾಡಿ ಹಿಂದ ನಿಂತೈತಿ ನೋಡ್ರಿ. ಕೆಂಪು ಬಸ್ಸು."

ಮುದುಕಿ ಅವಳು ತೋರಿಸಿದ ಕಡೆ ನೋಡಿದಳು. ಯಾವ ಗಾಡಿ ಎಂದು ಕೇಳಿದಳು. ಅಲ್ಲಿ ಎರಡು ಗಾಡಿಗಳಿದ್ದವು. ಬಾಳೆಹಣ್ಣಿನದಲ್ಲ, ಪೇರಲದ್ದು ಎಂದು ಕೋಮಲಾ ಮತ್ತೆ ಹೇಳಿದಳು. ಕೆಳಗಿಳಿದು ಚೀಲವನ್ನು ಅ‍ವಳ ಕೈಗೆ ಎತ್ತಿಕೊಟ್ಟಳು.

ತಿರುಗಿ ಬಂದು ಕಿಟಕಿಯ ಬಳಿ ಕುಳಿತಳು. ಚಂದನಾ ಏನೋ ಕೇಳುತ್ತಿದ್ದಳು, ತಾಳು ಎಂದು ಕೈ ಮಾಡಿದಳು. ಗಂಟು ಹೊತ್ತ ಮುದುಕಿ ಜನರ ನಡುವೆ ನಿಧಾನಕ್ಕೆ ಹೋಗುತ್ತಿದ್ದಳು. ಬಾಳೆಹಣ್ಣಿನ ಗಾಡಿ ದಾಟಿದಳು. ಪೇರಲದ ಗಾಡಿಯವನನ್ನು ಏನೋ ಕೇಳಿದಳು. ಅವನು ಹಿಂದಕ್ಕೆ ಕೈ ತೋರಿಸಿದ.

ಅವಳು ಕೆಂಪು ಬಸ್ಸಿನ ಮೆಟ್ಟಿಲು ಹತ್ತಿ, ಒಳಗೆ ಹೋಗಿ, ಒಂದು ಕಿಟಕಿಯ ಹಿಂದೆ ಕುಳಿತದ್ದು ಕಾಣುವವರೆಗೂ ಕೋಮಲಾ ನೋಡುತ್ತಲೇ ಇದ್ದಳು. ಆಮೇಲೆ ಚಂದನಾಳ ಕಡೆ ತಿರುಗಿದಳು.

"ಈಗ ಹೇಳು. ಏನಂದಿ?"